ಮಗುವಿನ ಜೀವನಾಂಶಕ್ಕೆ ಅರ್ಜಿ ಸಲ್ಲಿಸುವುದು ಹೇಗೆ?

ಗಂಡ ಹೆಂಡತಿ ಬೇರೆಯಾದಾಗ ಮಗುವಿನ ಖರ್ಚು ತಾಯಿಯ ಜೀವನಾಂಶದಲ್ಲೇ ಸೇರಿಹೋಗುತ್ತದೆ ಎಂದು ಎಷ್ಟೋ ಮಂದಿ ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಮಗುವಿನ ಹಕ್ಕು ಪ್ರತ್ಯೇಕವಾದದ್ದು. ತಾಯಿ ಸಂಬಳ ಪಡೆಯುತ್ತಿದ್ದರೂ, ಆಕೆಯೇ ಮನೆ ಬಿಟ್ಟು ಬಂದಿದ್ದರೂ, ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ತನಗೇನೂ ಬೇಡವೆಂದು ಬರೆದುಕೊಟ್ಟಿದ್ದರೂ ಅದು ಉಳಿಯುತ್ತದೆ. ಆದ್ದರಿಂದ ಅರ್ಜಿಯಲ್ಲಿ ಮಗುವನ್ನೂ ಅರ್ಜಿದಾರರಾಗಿ ಹೆಸರಿಸಿ, ಅದಕ್ಕೆ ಬೇಕಾದ ಮೊತ್ತವನ್ನು ಬೇರೆಯಾಗಿಯೇ ಕೇಳಬೇಕು.

2024ರ ಜುಲೈ 1ರಿಂದ ಇಂತಹ ಅರ್ಜಿಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಬರುತ್ತವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 125ನೇ ಕಲಮಾಗಿತ್ತು. ಯಾವ ಧರ್ಮದವರಿಗಾದರೂ ಇದು ಅನ್ವಯಿಸುತ್ತದೆ, ಮದುವೆಯಾಗದ ತಂದೆ ತಾಯಿಗೆ ಹುಟ್ಟಿದ ಮಗುವಿಗೂ ಇಷ್ಟೇ ಹಕ್ಕಿದೆ. ಹಿಂದೂಗಳಿಗೆ ಸಂಬಂಧಿಸಿದ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯು ಈ ಹೊಣೆಯನ್ನು ತಂದೆಯಷ್ಟೇ ತಾಯಿಯ ಮೇಲೂ ಹೊರಿಸುತ್ತದೆ.

ಅರ್ಜಿಯನ್ನು ಮಗು ಈಗ ವಾಸವಿರುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಲ್ಲಿಸಬಹುದು. ವಕೀಲರ ಶುಲ್ಕಕ್ಕೆ ಹೆದರಿ ಹಿಂಜರಿಯಬೇಕಾಗಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ಪ್ರಕರಣದ ಬಲವೆಲ್ಲ ಇರುವುದು ಖರ್ಚಿನ ಪಟ್ಟಿಯಲ್ಲಿ. ‘ಮಗುವಿನ ವಿದ್ಯಾಭ್ಯಾಸಕ್ಕೆ ತುಂಬಾ ಹಣ ಬೇಕು’ ಎಂದು ಬರೆದರೆ ನ್ಯಾಯಾಧೀಶರಿಗೆ ಹಿಡಿದು ನೋಡಲು ಏನೂ ಸಿಗುವುದಿಲ್ಲ. ಶಾಲೆಯ ವಾರ್ಷಿಕ ಶುಲ್ಕ 48,000 ರೂಪಾಯಿ ಇದ್ದರೆ ತಿಂಗಳಿಗೆ 4,000 ಎಂದು ಬರೆದು ರಸೀದಿ ಲಗತ್ತಿಸಿ. ವ್ಯಾನಿನ ಬಾಡಿಗೆ, ಟ್ಯೂಷನ್, ಜೂನ್ ತಿಂಗಳ ಪುಸ್ತಕ ಮತ್ತು ಸಮವಸ್ತ್ರ, ಹಾಲು, ಔಷಧಿ, ಮನೆ ಬಾಡಿಗೆಯಲ್ಲಿ ಮಗುವಿನ ಪಾಲು, ಹೀಗೆ ಒಂದೊಂದನ್ನೂ ನಮೂದಿಸಿ. ಉಬ್ಬಿಸಿ ಬರೆದ ಒಂದೇ ಒಂದು ಅಂಕಿ ಉಳಿದ ಅಂಕಿಗಳ ಮೇಲೂ ಸಂಶಯ ಹುಟ್ಟಿಸುವುದರಿಂದ ಇದ್ದದ್ದನ್ನು ಇದ್ದಂತೆಯೇ ಬರೆಯಿರಿ.

ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ನೀಡಿದ ತೀರ್ಪಿನಂತೆ, ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಸಲ್ಲಿಸಬೇಕು. ಕೃಷಿಕರಿಗೆ ಬೇರೆಯೇ ನಮೂನೆಯಿದೆ. ತಂದೆ ತನಗೆ ದುಡಿಮೆಯೇ ಇಲ್ಲವೆಂದು ಹೇಳುವುದು ಸಾಮಾನ್ಯವಾದ್ದರಿಂದ, ಅವರ ಹೆಸರಿನಲ್ಲಿರುವ ಜಮೀನಿನ ಪಹಣಿ, ವಾಹನದ ನೋಂದಣಿ ವಿವರ, ಅಂಗಡಿಯ ಪರವಾನಗಿ ಮೊದಲಾದವುಗಳನ್ನು ಮುಂಚೆಯೇ ಕೂಡಿಸಿಟ್ಟುಕೊಳ್ಳಿ. ಇಬ್ಬರೂ ದುಡಿಯುತ್ತಿದ್ದರೆ ಮಗುವಿನ ಖರ್ಚನ್ನು ಅವರವರ ಆದಾಯಕ್ಕೆ ತಕ್ಕಂತೆ ಹಂಚಬಹುದು, ಮತ್ತು ಇದು ನ್ಯಾಯವೂ ಹೌದು.

ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶವನ್ನೂ, ಅಂದರೆ ಅಂತಿಮ ಆದೇಶ ಬರುವವರೆಗಿನ ಜೀವನಾಂಶವನ್ನೂ ಕೇಳಿ. ಎದುರುದಾರರಿಗೆ ನೋಟಿಸ್ ಜಾರಿಯಾದ 60 ದಿನಗಳೊಳಗೆ ಅದನ್ನು ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥಪಡಿಸಬೇಕೆಂದು ಕಾನೂನು ಹೇಳುತ್ತದೆ. ಜೀವನಾಂಶವನ್ನು ಲೆಕ್ಕ ಹಾಕುವುದು ಅರ್ಜಿ ಸಲ್ಲಿಸಿದ ದಿನದಿಂದ. ಹಿರಿಯರು ಕೂತು ರಾಜಿ ಮಾಡಿಸುತ್ತಾರೆಂದು ಕಾದು ಕಳೆದ ತಿಂಗಳುಗಳ ಹಣ ಈ ಲೆಕ್ಕಕ್ಕೆ ಬರುವುದಿಲ್ಲ. ರಾಜಿಯ ಮಾತುಕತೆ ಅರ್ಜಿ ಹಾಕಿದ ಮೇಲೂ ನಡೆಯಬಹುದು.

144ನೇ ಕಲಮಿನ ಹಕ್ಕು ಸಾಮಾನ್ಯವಾಗಿ 18 ವರ್ಷದವರೆಗೆ ಇರುತ್ತದೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಮಗುವಿಗೆ ಆ ಮೇಲೂ ಮುಂದುವರಿಯುತ್ತದೆ, ವಿವಾಹಿತ ಮಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ಸ್ವಂತ ಆದಾಯವಿಲ್ಲದ ಅವಿವಾಹಿತ ಹಿಂದೂ ಮಗಳು 18 ದಾಟಿದ ನಂತರ 1956ರ ಕಾಯ್ದೆಯಡಿ ಕೇಳಬಹುದು.

ಆದೇಶವಾದ ಮೇಲೂ ಹಣ ಬಾರದಿದ್ದರೆ ವಸೂಲಿಗೆ ಮತ್ತೊಂದು ಅರ್ಜಿ ಹಾಕಬೇಕು. ನ್ಯಾಯಾಲಯ ವಾರಂಟ್ ಹೊರಡಿಸುತ್ತದೆ; ಆಗಲೂ ಕೊಡದವರನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳುಹಿಸಬಹುದು, ಮತ್ತು ಜೈಲಿಗೆ ಹೋಗಿಬಂದರೂ ಬಾಕಿ ತೀರಿದಂತಾಗುವುದಿಲ್ಲ. ಆದರೆ ಯಾವುದೇ ಕಂತಿಗೆ ಈ ವಾರಂಟ್ ಬೇಕಾದರೆ ಆ ಕಂತು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಹಾಗಾಗಿ ಜೀವನಾಂಶ ಬ್ಯಾಂಕ್ ಖಾತೆಗೇ ಬರುವಂತೆ ಆದೇಶದಲ್ಲಿ ಬರೆಸಿಕೊಂಡು, ಬಾರದ ತಿಂಗಳುಗಳನ್ನು ಪಾಸ್‌ಬುಕ್ಕಿನಲ್ಲಿ ಗುರುತಿಸುತ್ತಾ, ಎರಡು ಮೂರು ಕಂತು ತಪ್ಪಿದ ಕೂಡಲೇ ವಕೀಲರನ್ನು ಕಾಣಿರಿ.