ಹಳೆಯ ಠರಾವನ್ನು ಮತ್ತೆ ಸಭೆಗೆ ತರುವಾಗ

ಧಾರವಾಡದಲ್ಲಿ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಕಾರ್ಯದರ್ಶಿಯಾದಾಗ ನನ್ನ ಕೈಗೆ ಬಂದದ್ದು ರಬ್ಬರ್ ಸ್ಟಾಂಪು, ಬ್ಯಾಂಕ್ ಪಾಸ್‌ಬುಕ್ಕು ಮತ್ತು ಠರಾವು ಪುಸ್ತಕ. ಮೊದಲೆರಡರಿಂದ ತಲೆನೋವಿಲ್ಲ. ಮೂರನೆಯದರಲ್ಲಿ ಮಲಗಿದ ವಿಷಯಗಳನ್ನು ಎಬ್ಬಿಸಲು ಮಾತ್ರ ಪ್ರತಿ ಸಭೆಗೂ ಒಬ್ಬರಾದರೂ ಸಿದ್ಧರಾಗಿ ಬರುತ್ತಾರೆ. ಎಬ್ಬಿಸಲೇಬಾರದು ಎನ್ನುವವನು ನಾನಲ್ಲ. "ಅದು ಮುಗಿದು ಹೋದ ವಿಷಯ, ಬಿಡಿರಿ" ಎಂದು ಹೊಸಬರ ಬಾಯಿ ಮುಚ್ಚಿಸುವ ಹಿರಿಯರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಆದರೆ ಎಬ್ಬಿಸುವವರು ಕೈಯಲ್ಲಿ ಏನಾದರೂ ಹೊಸದನ್ನು ಹಿಡಿದು ಬರಬೇಕು.

ನಮ್ಮ ಉದ್ಯಾನದ ಮೂಲೆಯಲ್ಲೊಂದು ಬಾವಿ ಇದೆ. ಬಡಾವಣೆ ಆಗುವ ಮೊದಲು ಅದು ಹೊಲದ ಬಾವಿ. ಅದನ್ನು ಬಳಸಬೇಕೋ ಮುಚ್ಚಬೇಕೋ ಎಂದು ಹಿಂದೊಮ್ಮೆ ಜೋರು ಜಗಳವಾಗಿ, ಕೊನೆಗೆ ಮೇಲೆ ಚಪ್ಪಡಿ ಎಳೆದಿದ್ದರು. ಬೇಸಿಗೆಯಲ್ಲಿ ನಳಕ್ಕೆ ನೀರು ಬಾರದೆ ಟ್ಯಾಂಕರ್‌ಗೆ ದುಡ್ಡು ಸುರಿಯುವಾಗಲೆಲ್ಲ ಯಾರಾದರೂ ಬಾವಿಯ ಮಾತು ತೆಗೆಯುತ್ತಿದ್ದರು. ಅದೂ ಸಭೆ ಮುಗಿಯುವ ಹೊತ್ತಿಗೆ, "ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು" ಎಂಬ ಕೊನೆಯ ಬಾಬಿನಲ್ಲಿ. ಅಷ್ಟರಲ್ಲಿ ಗಿರಮಿಟ್ಟು, ಮಿರ್ಚಿಯ ವಾಸನೆ ಬಂದಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ಹಳೆಯ ವಿಷಯವನ್ನು ಆ ಬಾಬಿನಲ್ಲಿ ತರುವುದು ಹಿಂಬಾಗಿಲಿನಿಂದ ನುಗ್ಗಿದಂತೆ. ಅಂದು ವಿರೋಧಿಸಿದವರು ಇಂದು ಬಂದಿರಲಿಕ್ಕಿಲ್ಲ. ವಿಷಯ ಬರುತ್ತದೆಂದು ಗೊತ್ತಿದ್ದರೆ ತಾನೇ ಬರುವುದು?

ನಾನು ಮೊದಲು ಪುಸ್ತಕ ತೆರೆದೆ. "ಚರ್ಚಿಸಿ ಮುಂದೂಡಲಾಯಿತು" ಎಂದಿದ್ದರೆ ಆ ವಿಷಯ ಇನ್ನೂ ತೆರೆದೇ ಇದೆ, ಯಾರ ಅನುಮತಿಯೂ ಬೇಡ. ಬಾವಿಯದು ಹಾಗಿರಲಿಲ್ಲ. ಮುಚ್ಚಬೇಕೆಂದು ಸ್ಪಷ್ಟವಾಗಿ ಠರಾಯಿಸಿ, ಕಾರಣಗಳನ್ನೂ ಬರೆದಿದ್ದರು: ಪಕ್ಕದ ತೆರೆದ ಚರಂಡಿಯ ನೀರು ಬಾವಿಗೆ ಇಳಿಯುತ್ತಿದೆ, ಮಕ್ಕಳು ಬೀಳುವ ಭಯವಿದೆ, ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ನಮ್ಮ ಓಣಿಗೂ ಬರಲಿದೆ. ಕೊನೆಯದು ಆ ಕಾಲದ ಉತ್ಸಾಹ. ವಿಶ್ವಬ್ಯಾಂಕಿನ ನೆರವಿನಲ್ಲಿ 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ನಿರಂತರ ನೀರು ಬಂದಾಗ ಉಳಿದವರೆಲ್ಲ ನಾಳೆ ನಮ್ಮದೇ ಸರದಿ ಎಂದುಕೊಂಡಿದ್ದರು. ಹಾಗೆ ನಂಬಿ ಮಾತನಾಡಿದವರ ಮಾತನ್ನು ಈಗ ಎತ್ತಿ ಓದಿ ನಗುವುದು ಸಲ್ಲದು. ಅವರಲ್ಲಿ ಕೆಲವರು ಊರು ಬಿಟ್ಟಿದ್ದಾರೆ, ಇಬ್ಬರು ತೀರಿಕೊಂಡಿದ್ದಾರೆ. ಉತ್ತರ ಕೊಡಲಾಗದವರ ಹೆಸರನ್ನು ನಾನು ಸಭೆಯಲ್ಲಿ ಓದುವುದಿಲ್ಲ, ಕಾರಣವನ್ನಷ್ಟೇ ಓದುತ್ತೇನೆ.

ನಮ್ಮ ಓಣಿಯ ನಿವೃತ್ತ ವಕೀಲರೊಬ್ಬರು ನ್ಯಾಯಾಲಯದ ರೀತಿ ತಿಳಿಸಿಕೊಟ್ಟರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಮಿನ ಪ್ರಕಾರ, ಅದೇ ಪಕ್ಷಗಾರರ ನಡುವೆ ಒಮ್ಮೆ ತೀರ್ಮಾನವಾದ ವಿವಾದವನ್ನು ಮತ್ತೆ ದಾವೆ ಮಾಡಿ ಕೆದಕುವಂತಿಲ್ಲ. ಆದರೆ ಅದೇ ಸಂಹಿತೆಯ 47ನೆಯ ಆದೇಶ ಮರುಪರಿಶೀಲನೆಗೆ ಒಂದು ಕಿಂಡಿ ಬಿಟ್ಟಿದೆ: ಎಷ್ಟು ಶ್ರದ್ಧೆಯಿಂದ ಹುಡುಕಿದ್ದರೂ ಆಗ ಸಿಗದಿದ್ದ ಮಹತ್ವದ ಸಾಕ್ಷ್ಯ ಈಗ ಸಿಕ್ಕಿದ್ದರೆ, ಅಥವಾ ದಾಖಲೆಯ ಮೇಲೆಯೇ ತಪ್ಪು ಎದ್ದು ಕಾಣುತ್ತಿದ್ದರೆ ಅರ್ಜಿ ಹಾಕಬಹುದು. ಲೋಕಸಭೆಯ ನಿಯಮ 338 ಕೂಡ ಸದನ ತೀರ್ಮಾನಿಸಿದ ಪ್ರಶ್ನೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ತರಲು ಬಿಡುವುದಿಲ್ಲ. ನಮ್ಮದು ಬಡಾವಣೆಯ ಸಂಘ, ಅಷ್ಟು ಬಿಗಿ ಬೇಕಿಲ್ಲ. ಹೊಸದೇನು ಎಂದು ಕೇಳುವ ಅಭ್ಯಾಸ ಮಾತ್ರ ಬೇಕು.

ಬಾವಿಯ ಮಟ್ಟಿಗೆ ಹೊಸದಿತ್ತು. ಒಳಚರಂಡಿ ಪೈಪು ಬಂದು ಹಳೆಯ ತೆರೆದ ಚರಂಡಿ ಮುಚ್ಚಿತ್ತು. ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ವರದಿ ತರಿಸಿದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರಿನಲ್ಲಿ ಮಲದಿಂದ ಸೇರುವ ಇ. ಕೋಲಿ ಬ್ಯಾಕ್ಟೀರಿಯಾ ಸ್ವಲ್ಪವೂ ಇರಕೂಡದು, ನಮ್ಮ ಬಾವಿಯಲ್ಲಿತ್ತು. ಹಾಗಾಗಿ ಕುಡಿಯುವ ಮಾತೇ ಎತ್ತಲಿಲ್ಲ. ಗಿಡಗಳಿಗೆ, ಸ್ವಚ್ಛತೆಗೆ ಎಂದಷ್ಟೇ ವಿಷಯಪಟ್ಟಿಯಲ್ಲಿ ಬರೆದೆ. ಇದು ಅಂದಿನ ಪ್ರಶ್ನೆಯಲ್ಲವೇ ಅಲ್ಲ, ಬೇರೆ ಪ್ರಶ್ನೆ. ಆದ್ದರಿಂದ ಹಳೆಯ ಠರಾವಿನ ಕೆಳಗೆ ಸೇರಿಸದೆ ಹೊಸ ಕ್ರಮಾಂಕ ಕೊಟ್ಟು, ಹಳೆಯ ಠರಾವಿನ ಸಂಖ್ಯೆ ಮತ್ತು ದಿನಾಂಕವನ್ನು ಪಕ್ಕದಲ್ಲಿ ನಮೂದಿಸಿದೆ.

ನೋಟಿಸು ಹಂಚುವ ಮೊದಲು, ಅಂದು ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದ್ದ ಹಿರಿಯರ ಮನೆಗೆ ಹೋದೆ. "ಕಾಕಾ, ಬಾವಿಯ ವಿಷಯ ಮತ್ತೆ ಬರುತ್ತಿದೆ. ನಿಮಗೆ ಮೊದಲು ಹೇಳೋಣವೆಂದು ಬಂದೆ" ಎಂದೆ. ಅವರು ವರದಿಯನ್ನು ಕನ್ನಡಕವೇರಿಸಿ ಪೂರ್ತಿ ಓದಿ, "ನೀರಿನದು ಸರಿ ತಮ್ಮಾ. ಮಕ್ಕಳದು?" ಎಂದರು. ಅದಕ್ಕೆ ನನ್ನಲ್ಲಿ ಹೊಸ ಉತ್ತರವಿರಲಿಲ್ಲ, ಅಂದಿನ ಭಯ ಇಂದಿಗೂ ಅಷ್ಟೇ ನಿಜ. ಕಬ್ಬಿಣದ ಜಾಳಿಗೆ, ಅದಕ್ಕೊಂದು ಕೀಲಿ, ಕೀಲಿಕೈ ಕಾವಲುಗಾರನ ಬಳಿ ಮಾತ್ರ ಎಂಬ ಷರತ್ತನ್ನು ಅವರೇ ಹೇಳಿ ಬರೆಸಿದರು. ಸಭೆಯಲ್ಲಿ ಅವರು ಪರವಾಗಿ ಕೈ ಎತ್ತಲಿಲ್ಲ, ವಿರೋಧಿಸಲೂ ಇಲ್ಲ. ಠರಾವು ಪಾಸಾಯಿತು.

ಮಹದಾಯಿ ನದಿ ನೀರಿನ ಹಂಚಿಕೆಯ ಮಾತೂ ನಮ್ಮ ಕಡೆ ಚಹಾದಂಗಡಿಯಲ್ಲಿ ಹೀಗೆಯೇ ಏಳುತ್ತಿರುತ್ತದೆ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು, ಅದರಲ್ಲಿ ಕಳಸಾ-ಬಂಡೂರಿ ನಾಲಾ ಯೋಜನೆಗೆ 3.9. ವಾದಿಸುವವರಲ್ಲಿ ಅರ್ಧ ಜನ ಆ ತೀರ್ಪೇ ಬಂದಿಲ್ಲವೆಂಬಂತೆ ಮೊದಲಿನಿಂದ ಶುರು ಮಾಡುತ್ತಾರೆ. ಕೇಳುವವರಿಗೆ ಸುಸ್ತಾಗುವುದು ವಿಷಯ ಹಳೆಯದೆಂದಲ್ಲ, ನಡುವೆ ನಡೆದದ್ದನ್ನು ಓದದೆ ಬಂದಿದ್ದಾರೆಂದು.

ಸದ್ಯ ನನ್ನ ಮುಂದಿರುವುದು ರಸ್ತೆಬದಿಯ ಕಾರು ನಿಲುಗಡೆ. ಹಿಂದೆ ಮತಕ್ಕೆ ಹಾಕಿ ತೀರ್ಮಾನವಾದದ್ದು. ಸದಸ್ಯರೊಬ್ಬರು ಅದನ್ನು ಮತ್ತೆ ವಿಷಯಪಟ್ಟಿಗೆ ಸೇರಿಸಬೇಕೆಂದು ಪತ್ರ ಕೊಟ್ಟಿದ್ದಾರೆ. ಪತ್ರದಲ್ಲಿ ಪಕ್ಕದ ಮನೆಯವರ ಮೇಲಿನ ಸಿಟ್ಟು ಬಿಟ್ಟರೆ ಬೇರೇನೂ ಇಲ್ಲ. ಹಳೆಯ ಠರಾವಿನ ಪ್ರತಿಯನ್ನು ಅವರಿಗೆ ಕೊಟ್ಟು, ಅಂದಿನಿಂದ ಏನು ಬದಲಾಗಿದೆ ಎಂದು ಬರೆದುಕೊಡಲು ಕೇಳಿದ್ದೇನೆ. ಬರೆದುಕೊಟ್ಟರೆ ಮುಂದಿನ ಸಭೆಯ ಮೊದಲ ಬಾಬು ಅದೇ.