ಪಿ.ಟಿ. ಮೇಷ್ಟ್ರ ಹಳೇ ಕಪ್, ಫೋಟೋ ಹಾಳಾಗದಂತೆ ಇಡೋದು ಹೇಗೆ

ಮನೆಯಲ್ಲಿ ಅಪ್ಪನೋ ತಾತನೋ ಹೈಸ್ಕೂಲ್ ಪಿ.ಟಿ. ಮೇಷ್ಟ್ರಾಗಿದ್ದರೆ ಟ್ರಂಕ್ ತುಂಬ ಕಪ್, ಸರ್ಟಿಫಿಕೇಟ್, ತಂಡದ ಫೋಟೋ ಇರುತ್ತವೆ ಅಲ್ವಾ? ದಯವಿಟ್ಟು ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗುವುದಿಲ್ಲ.

ಮೊದಲು ಫೋಟೋಗಳನ್ನು ನೋಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಚಿತ್ರವೇ ಕಿತ್ತು ಬರುತ್ತದೆ. ಗಾಜಿನ ಸಮೇತ 600 ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸ್ಪಷ್ಟವಾಗಿರಬೇಕು ಅನ್ನೋ ಅಳತೆ) ಸ್ಕ್ಯಾನ್ ಮಾಡಿಸಿ, ಒಂದು ಪ್ರಿಂಟ್ ತೆಗೆಸಿ. ಅದನ್ನು ಹಿಡಿದು ಮೇಷ್ಟ್ರ ಪಕ್ಕ ಕೂತುಕೊಳ್ಳಿ. ಯಾರು ಯಾರು, ಯಾವ ವರ್ಷ, ತಾಲ್ಲೂಕು ಮಟ್ಟವೋ ಜಿಲ್ಲಾ ಮಟ್ಟವೋ, ಎಲ್ಲ ಬರೆದುಕೊಳ್ಳಿ. ಈ ಕೆಲಸವನ್ನು ಮಾತ್ರ ಮುಂದೂಡಬೇಡಿ. ಆ ಖೋ ಖೋ ತಂಡದ ಮಕ್ಕಳ ಹೆಸರು ಬೇರೆ ಯಾರಿಗೂ ನೆನಪಿರುವುದಿಲ್ಲ. ಮೂಲ ಫೋಟೋದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ, ಮೆತ್ತನೆ ಪೆನ್ಸಿಲ್ ಸಾಕು.

ಕಪ್‌ಗಳನ್ನು ಹುಣಸೆಹಣ್ಣಿನಿಂದ ಉಜ್ಜಲೇಬೇಡಿ. ಎಷ್ಟೋ ಕಪ್‌ಗಳ ಮೇಲೆ ತೆಳುವಾದ ಲೇಪ ಮಾತ್ರ ಇರುತ್ತದೆ, ಅದು ಎದ್ದುಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ.

ಪೇಪರ್ ಕಟಿಂಗ್‌ಗಳನ್ನು ಸರ್ಟಿಫಿಕೇಟ್ ಜೊತೆ ಇಡಬೇಡಿ. ಪತ್ರಿಕೆಯ ಕಾಗದದಲ್ಲಿರುವ ಆಮ್ಲದಿಂದ ಪಕ್ಕದ ಕಾಗದಕ್ಕೂ ಹಳದಿ ಕಲೆ ಹತ್ತುತ್ತದೆ. ಮಲೆನಾಡು, ಕರಾವಳಿ ಕಡೆಯವರು ಮಳೆಗಾಲಕ್ಕೆ ಮುಂಚೆ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.