ಮಾಗಡಿ ಕೆರಿ ಬಾತಿನ ರಕ್ತದಾಗ ಪ್ರೋಟೀನ್ ನೋಡೋದು ಹೆಂಗ?
ಗದಗ ಜಿಲ್ಲಾದ ಮಾಗಡಿ ಕೆರಿಗೆ ಚಳಿಗಾಲಕ್ಕ ಬರೋ ಪಟ್ಟೆತಲೆ ಹೆಬ್ಬಾತಿನ ರಕ್ತ ತಗೀಬೇಕಂದ್ರ ಮೊದಲ ಅರಣ್ಯ ಇಲಾಖೆ ಪರ್ಮಿಷನ್ ಬೇಕ್ರಿ, ವೆಟರ್ನರಿ ಡಾಕ್ಟರ್ ಇಲ್ದ ಸೂಜಿ ಮುಟ್ಟಬ್ಯಾಡ್ರಿ.

ರೆಕ್ಕಿ ಒಳಮೈ ರಕ್ತನಾಳದಿಂದ ತಗೀತಾರ, ಬಾತಿನ ತೂಕದ 1% ದಾಟಬಾರದು, 1 ಎಂಎಲ್ ಸಾಕ್ಕಾಗ್ತದ. ಆಮ್ಯಾಲ ಹತ್ತಿ ಒತ್ತಿ ಹಿಡೀರಿ, ಇಲ್ಲಂದ್ರ ಚರ್ಮದ ಕೆಳಗ ರಕ್ತ ಗಡ್ಡಿ ಕಟ್ತದ. ರಕ್ತ ಹೆಪ್ಪುಗಟ್ಟದಂಗ ತಡಿಯೋ ಹೆಪಾರಿನ್ ಇರೋ ಟ್ಯೂಬಿಗೆ ಹಾಕಿ ಮೆಲ್ಲಕ ತಿರುವ್ರಿ, ಜೋರ ಅಲುಗಾಡ್ಸಿದ್ರ ರಕ್ತಕಣ ಒಡದು ಪ್ಲಾಸ್ಮಾ (ರಕ್ತದ ನೀರಿನ ಭಾಗ) ಕೆಂಪಾಗಿ ರೀಡಿಂಗ್ ಎಲ್ಲಾ ಹಾಳ.

ಸೆಂಟ್ರಿಫ್ಯೂಜ್ (ಜೋರ ತಿರುಗಿಸಿ ರಕ್ತಕಣ ಕೆಳಗ ಕೂಡ್ಸೋದು) ಆದಮ್ಯಾಲ ಮ್ಯಾಲಿನ ಹಳದಿ ಪ್ಲಾಸ್ಮಾ ಅಷ್ಟ ತಗೀರಿ. ರಿಫ್ರ್ಯಾಕ್ಟೋಮೀಟರ್ (ಬೆಳಕು ಎಷ್ಟು ಬಾಗ್ತದ ಅಂತ ನೋಡಿ ಪ್ರೋಟೀನ್ ಅಳಿಯೋ ಸಾಧನ) ಸಸ್ತಾ ಖರೆ, ಆದ್ರ ಪ್ಲಾಸ್ಮಾದಾಗ ಕೊಬ್ಬು ಇದ್ರ ಜಾಸ್ತಿ ತೋರಸ್ತದ, ನನ್ನ ಕೇಳಿದ್ರ ಟೋಟಲ್‌ಗೆ ಬೈಯುರೆಟ್ (ಬಣ್ಣ ಬದಲಾಗೋದರಿಂದ ಪ್ರೋಟೀನ್ ಅಳಿಯೋ ಟೆಸ್ಟ್), ರಕ್ತದ ಎರಡ ಮುಖ್ಯ ಪ್ರೋಟೀನ್ ಆದ ಆಲ್ಬುಮಿನ್-ಗ್ಲಾಬ್ಯುಲಿನ್‌ಗೆ ಕರೆಂಟ್ ಹರಿಸಿ ಪ್ರೋಟೀನ್ ಬ್ಯಾರೆ ಬ್ಯಾರೆ ಮಾಡೋ ಎಲೆಕ್ಟ್ರೋಫೋರೆಸಿಸ್ಸೇ ಛಲೋ.

ಆಲ್ಬುಮಿನ್ ಇಳದು ಗ್ಲಾಬ್ಯುಲಿನ್ ಏರಿದ್ರ ಸೋಂಕಿನ ಡೌಟ್. ಮೊಟ್ಟಿ ಇಡೋ ಮುಂದೂ ಹೆಣ್ಣಿಗೆ ಗ್ಲಾಬ್ಯುಲಿನ್ ಏರ್ತದ, ಆದ್ರ ಇವು ಮೊಟ್ಟಿ ಇಡೋದು ಲಡಾಖ್, ಮಂಗೋಲಿಯಾ ಕಡೆ ಬಿಡ್ರಿ.